ನಿದ್ದೆಗೂ ಮೂಡ್‌ಗೂ ಸಪ್ಲಿಮೆಂಟ್: ಒಂದು ಸಲಕ್ಕೆ ಒಂದೇ ಡಬ್ಬಿ

‘ನಿದ್ದೆ ಸರಿಯಾಗಿ ಬರ್ತಿಲ್ಲ, ಮನಸ್ಸೂ ಮಂಕಾಗಿದೆ, ಡಾಕ್ಟರ್ ಚೀಟಿ ಇಲ್ಲದೆ ಸಿಗೋದು ಏನಾದ್ರೂ ಇದ್ರೆ ಹೇಳಿ.’ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ‘ಈಗ ಏನೇನು ತಗೊಳ್ತಿದ್ದೀರಿ?’ ಅಂತ ತಿರುಗಿ ಕೇಳಿದರೆ ಎಷ್ಟೋ ಜನರ ಹತ್ತಿರ ಆಗಲೇ ಮೂರ್ನಾಲ್ಕು ಡಬ್ಬಿ ಇರುತ್ತವೆ. ಮೆಗ್ನೀಸಿಯಂ, ಮೆಲಟೋನಿನ್, ಮೀನೆಣ್ಣೆ, ಅಶ್ವಗಂಧ. ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಿರುತ್ತಾರೆ. ಯಾವುದು ಕೆಲಸ ಮಾಡುತ್ತಿದೆ ಅಂದರೆ ಗೊತ್ತಿಲ್ಲ. ಯಾವುದರಿಂದ ಹೊಟ್ಟೆ ಕೆಟ್ಟಿತು ಅಂದರೆ ಅದೂ ಗೊತ್ತಿಲ್ಲ.

ಹಾಗಾಗಿ ಇಲ್ಲಿ ‘ಇದನ್ನು ಕೊಳ್ಳಿ’ ಅನ್ನುವ ಪಟ್ಟಿ ಇಲ್ಲ. ಒಂದನ್ನು ಆರಿಸಿ, ಸರಿಯಾಗಿ ಪರೀಕ್ಷೆ ಮಾಡಿ, ಕೆಲಸಕ್ಕೆ ಬಾರದಿದ್ದರೆ ಬಿಡುವುದು ಹೇಗೆ ಅಂತ ಇದೆ. ನಾನು ಡಾಕ್ಟರ್ ಅಲ್ಲ, ಇದು ಡಾಕ್ಟರ್ ಮಾತಿಗೆ ಬದಲಿಯೂ ಅಲ್ಲ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್ಕು, ನೀವು ತೆಗೆದುಕೊಳ್ಳುವ ಎಲ್ಲಾ ಔಷಧಿಗಳ ಪಟ್ಟಿ, ಕೆಲವು ವಾರಗಳ ತಾಳ್ಮೆ. ಮೂರನೆಯದೇ ಕಷ್ಟ.

1. ಇದು ಡಬ್ಬಿಯಿಂದ ಸರಿಹೋಗುವ ತೊಂದರೆಯಾ ನೋಡಿ

ಬದುಕುವುದೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ, ಅಥವಾ ಸಹಾಯವಾಣಿಗೆ ಫೋನ್ ಮಾಡಿ, ಹತ್ತಿರದವರೊಬ್ಬರಿಗೆ ಹೇಳಿ. ಎರಡು ವಾರಕ್ಕಿಂತ ಜಾಸ್ತಿ ದಿನ ಪ್ರತಿದಿನವೂ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಉಳಿದಿಲ್ಲ ಅಂದರೂ ಮೊದಲು ಡಾಕ್ಟರ್, ಆಮೇಲೆ ಸಪ್ಲಿಮೆಂಟ್. ದಿನಗಟ್ಟಲೆ ಎರಡು ಮೂರು ಗಂಟೆ ಮಾತ್ರ ಮಲಗಿಯೂ ಸುಸ್ತೇ ಇಲ್ಲ, ತಲೆ ತುಂಬ ಹುರುಪು ಅನ್ನುವ ಕಾಲ ಎಂದಾದರೂ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದು ಬೈಪೋಲಾರ್‌ನ, ಅಂದರೆ ಮೂಡ್ ವಿಪರೀತ ಏರುವ, ವಿಪರೀತ ಇಳಿಯುವ ಕಾಯಿಲೆಯ ಲಕ್ಷಣ ಇರಬಹುದು. ಅಂಥವರಿಗೆ ಮೂಡ್ ಎತ್ತುವ ಕೆಲವು ಸಪ್ಲಿಮೆಂಟ್‌ಗಳು ಉನ್ಮಾದವನ್ನೇ ಕೆರಳಿಸಬಹುದು.

ನಿದ್ದೆಯ ವಿಷಯದಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಜೋರು ಗೊರಕೆ ಇದೆಯಾ, ನಡುವೆ ಉಸಿರು ನಿಂತಂತಾಗಿ ದಡಕ್ಕನೆ ಏಳುತ್ತೀರಾ? ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರಾಟ ಕಟ್ಟುವ ಕಾಯಿಲೆ ಇರಬಹುದು, ಅದಕ್ಕೆ ಯಾವ ಮಾತ್ರೆಯೂ ಸಪ್ಲಿಮೆಂಟ್ ಅಂಗಡಿಯಲ್ಲಿ ಸಿಗುವುದಿಲ್ಲ. ಮಲಗಿದ ತಕ್ಷಣ ಕಾಲು ಆಡಿಸಲೇಬೇಕು ಅನ್ನುವ ತಹತಹ ಇದೆಯಾ? ಹಾಗಿದ್ದರೆ ಫೆರಿಟಿನ್ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ ಅದು. ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳಿಂದ ಹೀಗೇ ಆಗುತ್ತಿದೆಯಾ? ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ಮೊದಲ ಚಿಕಿತ್ಸೆ ಸಿಬಿಟಿ-ಐ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಅಂದರೆ ಹಾಸಿಗೆಯ ಅಭ್ಯಾಸಗಳನ್ನೂ ನಿದ್ದೆಯ ಬಗ್ಗೆ ತಲೆಯಲ್ಲಿ ಓಡುವ ಚಿಂತೆಯನ್ನೂ ಕ್ರಮವಾಗಿ ಬದಲಿಸುವ, ಮಾತ್ರೆ ಇಲ್ಲದ ಚಿಕಿತ್ಸೆ.

ರಕ್ತ ಪರೀಕ್ಷೆ ಮಾಡಿಸುವುದಾದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ಬಗ್ಗೆ ಕೇಳಿ. ಸುಸ್ತು, ಮಂಕು ಅಂತ ನಾವು ಕರೆಯುವುದರ ಹಿಂದೆ ಇವು ಕೂತಿರುವುದುಂಟು. ಒಂದು ಕಿವಿಮಾತು. ಕೂದಲಿಗೆ ಅಂತ ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲು ಲ್ಯಾಬಿನವರಿಗೆ ಹೇಳಿ. ಅದು ಥೈರಾಯ್ಡ್ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

2. ಎರಡು ವಾರ ಬರೆದಿಡಿ, ಹೊಸ ಸಪ್ಲಿಮೆಂಟ್ ಯಾವುದನ್ನೂ ನುಂಗಬೇಡಿ

ಬಹಳ ಜನ ಹಾರಿಸುವ ಹಂತ ಇದೇ. ಆದರೆ ಹಿಂದಿನ ಸ್ಥಿತಿ ಬರೆದಿಡದೆ ಸುಧಾರಿಸಿದೆಯಾ ಇಲ್ಲವಾ ಅಂತ ಹೇಗೆ ಹೇಳುತ್ತೀರಿ? ದಿನಕ್ಕೆ ಒಂದೇ ಸಾಲು ಸಾಕು. ಹೀಗೆ:

ಮಂಗಳವಾರ. ಮಲಗಿದ್ದು 11. ನಿದ್ದೆ ಹತ್ತಿದ್ದು ಸುಮಾರು 12:30. ನಡುವೆ ಎಚ್ಚರ 1 ಸಲ. ಎದ್ದಿದ್ದು 6:45. ಮೂಡ್ 10ಕ್ಕೆ 4. ಕೊನೆಯ ಕಾಫಿ ಸಂಜೆ 5:30.

ಗಡಿಯಾರ ನೋಡಿ ನೋಡಿ ಬರೆಯಬೇಡಿ, ಅದರಿಂದಲೇ ನಿದ್ದೆ ಹಾರಿಹೋಗುತ್ತದೆ. ಬೆಳಿಗ್ಗೆ ಎದ್ದು ಅಂದಾಜಿನಲ್ಲಿ ಬರೆದರೆ ಸಾಕು.

ಆ ಕೊನೆಯ ಕಾಫಿ ಸುಮ್ನೆ ಬರೆಸಿದ್ದಲ್ಲ. ಕೆಫೀನ್‌ನ ಅರ್ಧಾಯುಷ್ಯ, ಅಂದರೆ ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೊರಹೋಗಲು ಬೇಕಾದ ಹೊತ್ತು, ಸುಮಾರು 5 ಗಂಟೆ. ಕೆಲವರಲ್ಲಿ ಇನ್ನೂ ಜಾಸ್ತಿ. 2013ರ ಒಂದು ಅಧ್ಯಯನದಲ್ಲಿ ಮಲಗುವುದಕ್ಕೆ 6 ಗಂಟೆ ಮೊದಲು 400 ಮಿ.ಗ್ರಾಂ. ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು. ಯಾವ ಸಪ್ಲಿಮೆಂಟೂ ನಿಮಗೆ ಒಂದು ಗಂಟೆ ನಿದ್ದೆ ವಾಪಸ್ ಕೊಡುವುದಿಲ್ಲ. ಮದ್ಯದ ಕಥೆಯೂ ಇಷ್ಟೇ. ಬೇಗ ಕಣ್ಣು ಮುಚ್ಚಿಸುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತದೆ.

3. ಔಷಧಿ ಪಟ್ಟಿ ಹಿಡಿದು ಫಾರ್ಮಸಿಸ್ಟ್ ಹತ್ತಿರ ಹೋಗಿ

ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಅನ್ನುವವರು ಇದನ್ನು ಎರಡು ಸಲ ಓದಿ.

ಸೇಂಟ್ ಜಾನ್ಸ್ ವರ್ಟ್ ಅನ್ನುವ ಹಳದಿ ಹೂವಿನ ಗಿಡದ ಸಾರ ಸಾಧಾರಣ ಖಿನ್ನತೆಗೆ ನಿಜವಾಗಿಯೂ ಕೆಲಸ ಮಾಡುತ್ತದೆ. 2008ರ ಕಾಕ್ರೇನ್ ವಿಮರ್ಶೆ (ಒಂದೇ ವಿಷಯದ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) 29 ಪ್ರಯೋಗಗಳನ್ನು, 5,489 ರೋಗಿಗಳನ್ನು ನೋಡಿ, ಇದು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಮೇಲು, ಖಿನ್ನತೆಯ ಮಾಮೂಲಿ ಮಾತ್ರೆಗಳಿಗೆ ಹೆಚ್ಚುಕಡಿಮೆ ಸಮ ಅಂತ ಹೇಳಿತು. ಕೆಲಸ ಮಾಡುತ್ತದೆ ಅಂದರೇನೇ ಇದು ಔಷಧಿ ಅಂತ ಅರ್ಥ. ಇದು ಲಿವರಿನ ಕಿಣ್ವಗಳನ್ನು ಚುರುಕು ಮಾಡುತ್ತದೆ. ಅವು ಬೇರೆ ಔಷಧಿಗಳನ್ನು ಬೇಗ ಬೇಗ ಕರಗಿಸಿ ಹೊರಹಾಕುತ್ತವೆ. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಅಂಗ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್, ಎಚ್‌ಐವಿ ಔಷಧಿಗಳು, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಎಲ್ಲದರ ಬಲವನ್ನೂ ಇದು ಇಳಿಸುತ್ತದೆ. ಮಾತ್ರೆ ತಪ್ಪದೆ ತೆಗೆದುಕೊಂಡೂ ಗರ್ಭ ನಿಂತ ಪ್ರಕರಣಗಳಿವೆ. ಬಿಟ್ಟ ಮೇಲೂ ಈ ಪರಿಣಾಮ ಸುಮಾರು ಎರಡು ವಾರ ಉಳಿಯುತ್ತದೆ.

ಇನ್ನೊಂದು ಅಪಾಯದ ಜೋಡಿ ಸೆರಟೋನಿನ್‌ನದು. ಸೆರಟೋನಿನ್ ಅಂದರೆ ಮೆದುಳಿನಲ್ಲಿ ಮೂಡ್, ನಿದ್ದೆ ಎರಡಕ್ಕೂ ಸಂಬಂಧಿಸಿದ ರಾಸಾಯನಿಕ. ಖಿನ್ನತೆಗೆ ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ಸೇಂಟ್ ಜಾನ್ಸ್ ವರ್ಟ್, ಅಥವಾ 5-ಎಚ್‌ಟಿಪಿ, ಟ್ರಿಪ್ಟೊಫಾನ್, ಸ್ಯಾಮ್-ಇ ಅನ್ನುವ ಮೂಡ್ ಸಪ್ಲಿಮೆಂಟ್‌ಗಳನ್ನು ಸೇರಿಸಿದರೆ ಸೆರಟೋನಿನ್ ಮಿತಿ ಮೀರಬಹುದು. ಕೈ ನಡುಕ, ವಿಪರೀತ ಬೆವರು, ಭೇದಿ, ಎದೆ ಬಡಿತ ಏರುವುದು, ಗಲಿಬಿಲಿ, ಜ್ವರ ಒಟ್ಟಿಗೆ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಿ ಆ ಜಾಗಕ್ಕೆ ಸಪ್ಲಿಮೆಂಟ್ ತರುವುದೂ ಅಷ್ಟೇ ತಪ್ಪು.

ಗರ್ಭಿಣಿಯರು, ಹಾಲೂಡಿಸುವವರು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಆಪರೇಷನ್ ದಿನ ಗೊತ್ತಾಗಿರುವವರು ಡಾಕ್ಟರನ್ನು ಕೇಳದೆ ಮುಂದಿನ ಹಂತಕ್ಕೆ ಹೋಗಬೇಡಿ. ಮಕ್ಕಳಿಗೆ ಕೊಡುವ ಮಾತಂತೂ ಡಾಕ್ಟರ್ ಎದುರೇ ಆಗಬೇಕು.

4. ನಿಮ್ಮ ತೊಂದರೆಗೆ ಹೊಂದುವ ಒಂದನ್ನು ಆರಿಸಿ

ಈಗ ನೋಟ್‌ಬುಕ್ ತೆರೆಯಿರಿ. ತೊಂದರೆ ಎಲ್ಲಿದೆ? ನಿದ್ದೆ ಹತ್ತುವುದರಲ್ಲೋ, ನಡುವೆ ಎಚ್ಚರವಾಗುವುದರಲ್ಲೋ, ಬರೀ ಮೂಡ್‌ನಲ್ಲೋ?

ರಾತ್ರಿ ಎರಡಕ್ಕೆ ಮಲಗಿ ಬೆಳಿಗ್ಗೆ ಹತ್ತಕ್ಕೆ ಎದ್ದರೆ ಚೆನ್ನಾಗಿ ನಿದ್ದೆಯಾಗುತ್ತದೆ, ಹನ್ನೊಂದಕ್ಕೆ ಮಲಗಿದರೆ ಮಾತ್ರ ಹೊರಳಾಟ ಅನ್ನುವವರಿಗೆ ಮೆಲಟೋನಿನ್ ಪ್ರಯತ್ನಿಸಬಹುದು. ಇದು ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಬಿಡುವ ಹಾರ್ಮೋನು. ನಿದ್ದೆಗೆ ಕೆಡವುವ ಬಲ ಇದಕ್ಕಿಲ್ಲ, ‘ರಾತ್ರಿ ಆಯ್ತು’ ಅಂತ ಮೈಗೆ ಸುದ್ದಿ ಮುಟ್ಟಿಸುವುದಷ್ಟೇ ಇದರ ಕೆಲಸ. ಅದಕ್ಕೇ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಹಾಸಿಗೆಗೆ ಹೋಗಿ, ದೀಪ ಆರಿಸಿ, ಆಮೇಲೆ ನುಂಗಿದರೆ ತಡವಾಯಿತು. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಿ, ನಿದ್ದೆಯ ಹೊತ್ತನ್ನೇ ಹಿಂದಕ್ಕೆ ತರಬೇಕಿದ್ದರೆ ಅದಕ್ಕಿಂತಲೂ ಮುಂಚೆ. ಅರ್ಧ ಮಿ.ಗ್ರಾಂ.ನಿಂದ ಶುರು ಮಾಡಿ, 3 ದಾಟುವ ಅಗತ್ಯ ಬಹಳ ಜನಕ್ಕೆ ಬರುವುದಿಲ್ಲ. 10 ಮಿ.ಗ್ರಾಂ. ಡಬ್ಬಿ ಅಂಗಡಿಯಲ್ಲಿ ಇದೆ ಅಂದ ಮಾತ್ರಕ್ಕೆ ಅದು ಹತ್ತು ಪಟ್ಟು ನಿದ್ದೆ ಅಲ್ಲ, ಮಾರನೆಯ ಬೆಳಿಗ್ಗೆಯ ಮಂಪರು ಮಾತ್ರ ಜಾಸ್ತಿ.

ಮಾಮೂಲಿ ನಿದ್ರಾಹೀನತೆಗೆ ಇದರಿಂದ ಎಷ್ಟು ಲಾಭ? 2013ರಲ್ಲಿ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ 7 ನಿಮಿಷ ಬೇಗ ನಿದ್ದೆ ಹತ್ತಿತ್ತು. ಹೌದು, ಏಳೇ ನಿಮಿಷ. ದೂರದ ವಿಮಾನ ಪ್ರಯಾಣ ಮಾಡಿ ಐದು ಅಥವಾ ಹೆಚ್ಚು ಕಾಲವಲಯ ದಾಟಿದವರಿಗೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ದೇಶಗಳಲ್ಲಿ ಇದು ಚೀಟಿ ಇಲ್ಲದೆ ಸಿಗುವುದೇ ಇಲ್ಲ. ಇನ್ನೊಂದು ಎಚ್ಚರಿಕೆ: ಫ್ಲುವೊಕ್ಸಮೈನ್ ಅನ್ನುವ ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಮೆಲಟೋನಿನ್ ಹಲವು ಪಟ್ಟು ಏರುತ್ತದೆ, ಅವರು ಇದನ್ನು ಮುಟ್ಟಬಾರದು.

ಮೆಗ್ನೀಸಿಯಂ ಬಗ್ಗೆ ಹೊಗಳಿಕೆ ಜಾಸ್ತಿ, ಸಾಕ್ಷ್ಯ ಕಡಿಮೆ. ಊಟದಲ್ಲಿ ಮೆಗ್ನೀಸಿಯಂ ಕಡಿಮೆ ಇರುವವರಿಗೆ ಸ್ವಲ್ಪ ಅನುಕೂಲ ಆಗಬಹುದು. ಆಕ್ಸೈಡ್ ರೂಪದ್ದು ಮೈಗೆ ಹತ್ತುವುದು ಕಡಿಮೆ, ಭೇದಿ ಮಾಡಿಸುವುದು ಜಾಸ್ತಿ. ನಾನು ಮೊದಲು ಕೊಂಡದ್ದು ಅದನ್ನೇ, ಆ ವಾರ ನಿದ್ದೆ ಕೆಟ್ಟಿದ್ದಕ್ಕೆ ಕಾರಣ ಬೇರೆಯೇ ಆಯಿತು. ಗ್ಲೈಸಿನೇಟ್ ಹೊಟ್ಟೆಗೆ ಹಗುರ. ಮಾತ್ರೆಯಿಂದ ಬರುವ ಮೆಗ್ನೀಸಿಯಂಗೆ ಅಮೆರಿಕದಲ್ಲಿ ದಿನಕ್ಕೆ 350 ಮಿ.ಗ್ರಾಂ., ಯುರೋಪಿನಲ್ಲಿ 250 ಮಿ.ಗ್ರಾಂ. ಮಿತಿ ಇಟ್ಟಿದ್ದಾರೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕೆಲವು ಆಂಟಿಬಯೋಟಿಕ್‌ಗಳನ್ನೂ ಇದು ಮೈಗೆ ಹತ್ತದಂತೆ ತಡೆಯುತ್ತದೆ. ಕಿಡ್ನಿ ದುರ್ಬಲ ಇರುವವರಿಗೆ ಬೇಡವೇ ಬೇಡ.

ಮೂಡ್‌ಗೆ ಅಂತಾದರೆ ಒಮೇಗಾ-3. ಇದರಲ್ಲಿ ಇಪಿಎ, ಡಿಎಚ್‌ಎ ಅಂತ ಎರಡು ಕೊಬ್ಬಿನಾಮ್ಲಗಳಿವೆ. ಖಿನ್ನತೆಯ ಪ್ರಯೋಗಗಳಲ್ಲಿ ಏನಾದರೂ ಫಲ ಕಂಡಿದ್ದರೆ ಅದು ಇಪಿಎ ಪಾಲು ಜಾಸ್ತಿ ಇದ್ದ ಕಡೆ, ದಿನಕ್ಕೆ 1ರಿಂದ 2 ಗ್ರಾಂ ಇಪಿಎ ಕೊಟ್ಟಾಗ, ಅದೂ ಬಹುಮಟ್ಟಿಗೆ ಡಾಕ್ಟರ್ ಕೊಟ್ಟ ಚಿಕಿತ್ಸೆಯ ಜೊತೆಗೆ. ಚೆನ್ನಾಗಿರುವವರು ಮುನ್ನೆಚ್ಚರಿಕೆಗೆ ಅಂತ ನುಂಗಿದರೆ ಪ್ರಯೋಜನ ಕಂಡಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಹೃದಯ ಬಡಿತ ಏರುಪೇರಾಗುವ ತೊಂದರೆ ಇದ್ದರೆ ಕೇಳಿಯೇ ತೆಗೆದುಕೊಳ್ಳಿ.

ವಿಟಮಿನ್ ಡಿ ಕಥೆಯೂ ಹಾಗೇ. ಪರೀಕ್ಷೆಯಲ್ಲಿ ಕಡಿಮೆ ಇದ್ದರೆ ತುಂಬಿಸಿಕೊಳ್ಳಿ, ಮೂಳೆಗಾದರೂ ಬೇಕು. ಆದರೆ ವೈಟಲ್ ಅನ್ನುವ ಪ್ರಯೋಗದಲ್ಲಿ 50 ದಾಟಿದ 18,353 ಜನರಲ್ಲಿ ಸುಮಾರು ಅರ್ಧ ಜನಕ್ಕೆ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಮಾನ), ಉಳಿದವರಿಗೆ ಸುಳ್ಳು ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರೂ ಖಿನ್ನತೆ ತಡೆಯಲಿಲ್ಲ ಅಂತ 2020ರಲ್ಲಿ ಪ್ರಕಟವಾಯಿತು. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗದೆ ಮೈಯಲ್ಲೇ ಸೇರಿಕೊಳ್ಳುತ್ತದೆ. ವಾರಕ್ಕೊಂದು ಅಂತ ಕೊಟ್ಟ 60,000 ಐಯು ಮಾತ್ರೆಯನ್ನು ದಿನಾ ನುಂಗುವ ತಪ್ಪು ಮಾಡಬೇಡಿ.

ಅಶ್ವಗಂಧ ಸಣ್ಣ ಪ್ರಯೋಗಗಳಲ್ಲಿ ನಿದ್ದೆಗೂ ಒತ್ತಡಕ್ಕೂ ಸ್ವಲ್ಪ ಸಹಾಯ ಮಾಡಿದೆ, ಹೆಚ್ಚಾಗಿ 6ರಿಂದ 8 ವಾರದ ಬಳಕೆಯಲ್ಲಿ. ಆದರೆ ಲಿವರಿಗೆ ಪೆಟ್ಟಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನನ್ನೂ ಏರಿಸಬಲ್ಲದು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ ಅವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕಾವಾ ಅನ್ನುವ ಬೇರಿನದೂ ಲಿವರಿನ ಸಮಸ್ಯೆಯೇ, ನಾನಾದರೆ ಅದರ ತಂಟೆಗೆ ಹೋಗುವುದಿಲ್ಲ. ವಲೇರಿಯನ್ ಅನ್ನುವ ಇನ್ನೊಂದು ಬೇರಿಗೆ ಸಾಕ್ಷ್ಯ ಎರಡೂ ಕಡೆ ಇದೆ, ವಾಸನೆ ಮಾತ್ರ ಒಗೆಯದ ಸಾಕ್ಸ್‌ನದು. ಎಲ್-ಥಿಯನೈನ್ ಟೀ ಎಲೆಯಲ್ಲಿರುವ ಅಮೈನೊ ಆಮ್ಲ. ಸೌಮ್ಯ, ಫಲವೂ ಸೌಮ್ಯ.

ಇನ್ನು ಚೀಟಿ ಇಲ್ಲದೆ ಸಿಗುವ ‘ನಿದ್ದೆ ಮಾತ್ರೆ’ಗಳಲ್ಲಿ ಬಹಳಷ್ಟು ಡೈಫೆನ್‌ಹೈಡ್ರಮೈನ್ ಅಥವಾ ಡಾಕ್ಸಿಲಮೈನ್. ಇವು ಹಳೇ ಕಾಲದ ಅಲರ್ಜಿ ಔಷಧಿಗಳು, ಸಪ್ಲಿಮೆಂಟ್ ಅಲ್ಲ. ಕೆಲವೇ ದಿನಕ್ಕೆ ಮೈ ಒಗ್ಗಿಹೋಗಿ ಕೆಲಸ ಮಾಡುವುದು ನಿಲ್ಲುತ್ತದೆ. ವಯಸ್ಸಾದವರಲ್ಲಿ ಗೊಂದಲ, ಮೂತ್ರ ಕಟ್ಟುವುದು, ಬಿದ್ದು ಪೆಟ್ಟಾಗುವುದಕ್ಕೆ ದಾರಿ ಮಾಡುತ್ತವೆ. ಅಪ್ಪ ಅಮ್ಮನಿಗೆ ಇದನ್ನು ತಂದುಕೊಡಬೇಡಿ.

5. ಡಬ್ಬಿಯ ಹಿಂಭಾಗ ಓದಿ

ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ಮೀನೆಣ್ಣೆ 1000 ಮಿ.ಗ್ರಾಂ.’ ಅಂತ ಇರುತ್ತದೆ. ತಿರುಗಿಸಿ. ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್‌ಎ 120 ಅಂತ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ಒಟ್ಟು 300. ಉಳಿದ 700 ಬೇರೆ ಕೊಬ್ಬು. ಈ ಲೆಕ್ಕದಲ್ಲಿ 1 ಗ್ರಾಂ ಇಪಿಎ ಬೇಕಾದರೆ ದಿನಕ್ಕೆ ಐದಾರು ಕ್ಯಾಪ್ಸೂಲ್ ನುಂಗಬೇಕು. ‘ಒಮೇಗಾ ತಗೊಂಡೆ, ಏನೂ ಆಗ್ಲಿಲ್ಲ’ ಅನ್ನುವವರಲ್ಲಿ ಎಷ್ಟು ಜನ ಈ ಲೆಕ್ಕ ಹಾಕಿದ್ದಾರೋ!

ಮೆಗ್ನೀಸಿಯಂನಲ್ಲಿ ನೋಡಬೇಕಾದ ಪದ ‘ಎಲಿಮೆಂಟಲ್’. ಅಂದರೆ ಆ ಪುಡಿಯಲ್ಲಿ ನಿಜವಾದ ಮೆಗ್ನೀಸಿಯಂ ಎಷ್ಟು ಅಂತ. ಗ್ಲೈಸಿನೇಟ್‌ನಲ್ಲಿ ಅದು ಸುಮಾರು ಶೇ. 14 ಮಾತ್ರ. 1000 ಮಿ.ಗ್ರಾಂ. ಗ್ಲೈಸಿನೇಟ್ ಅಂದರೆ ಮೆಗ್ನೀಸಿಯಂ 140 ಮಿ.ಗ್ರಾಂ. ಅಷ್ಟೇ.

‘ಪ್ರೊಪ್ರೈಟರಿ ಬ್ಲೆಂಡ್’ ಅಂತ ಬರೆದು ಹತ್ತು ಮೂಲಿಕೆ ಹೆಸರು ಕೊಟ್ಟು ಒಟ್ಟು ತೂಕ ಮಾತ್ರ ಹಾಕಿದ್ದರೆ ಅಲ್ಲೇ ಇಟ್ಟು ಬನ್ನಿ. ಯಾವುದು ಎಷ್ಟಿದೆ ಅಂತ ಹೇಳದವರ ಡಬ್ಬಿಯಲ್ಲಿ ಪರೀಕ್ಷೆ ಮಾಡುವುದು ಏನನ್ನು?

ಲೇಬಲ್ ಸರಿಯಾಗಿದ್ದರೂ ಒಳಗಿನದು ಬೇರೆ ಇರಬಹುದು. 2017ರಲ್ಲಿ ಕೆನಡಾದ ಸಂಶೋಧಕರು 31 ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಬರೆದದ್ದಕ್ಕಿಂತ ಶೇ. 83 ಕಡಿಮೆ ಇದ್ದದ್ದೂ ಸಿಕ್ಕಿತು, ಶೇ. 478 ಜಾಸ್ತಿ ಇದ್ದದ್ದೂ ಸಿಕ್ಕಿತು. ಎಂಟರಲ್ಲಿ ಲೇಬಲ್‌ನಲ್ಲಿ ಇಲ್ಲದ ಸೆರಟೋನಿನ್ ಇತ್ತು. ಇನ್ನೂ ಹಿಂದೆ, 1989ರಲ್ಲಿ, ನಿದ್ದೆಗೆ ಮೂಡ್‌ಗೆ ಅಂತಲೇ ಮಾರುತ್ತಿದ್ದ ಎಲ್-ಟ್ರಿಪ್ಟೊಫಾನ್ ತಯಾರಿಕೆಯಲ್ಲಿ ಕಲ್ಮಶ ಸೇರಿ ಅಮೆರಿಕದಲ್ಲಿ 1,500ಕ್ಕೂ ಹೆಚ್ಚು ಜನ ತೀವ್ರ ಸ್ನಾಯು ನೋವಿನ ಕಾಯಿಲೆಗೆ ಬಿದ್ದರು, ಹಲವರು ಸತ್ತರು. ಅದಕ್ಕೇ ಹೊರಗಿನ ಸಂಸ್ಥೆ ಪರೀಕ್ಷಿಸಿದ ಗುರುತು, ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಮುದ್ರೆ, ಇದೆಯಾ ನೋಡಿ. ಆ ಮುದ್ರೆ ಹೇಳುವುದು ಬರೆದದ್ದೇ ಒಳಗಿದೆ ಅಂತ ಮಾತ್ರ. ನಿಮಗೆ ಕೆಲಸ ಮಾಡುತ್ತದೆ ಅಂತಲ್ಲ.

6. ಶುರು ಮಾಡಿ, ಕೊನೆಯ ದಿನವನ್ನೂ ಅವತ್ತೇ ಬರೆಯಿರಿ

ಒಂದೇ ಒಂದು ಸಪ್ಲಿಮೆಂಟ್. ಕಡಿಮೆ ಡೋಸ್. ದಿನಾ ಒಂದೇ ಹೊತ್ತು. ಅದೇ ವಾರ ಕಾಫಿ ಬಿಟ್ಟು, ವಾಕಿಂಗ್ ಶುರು ಮಾಡಿ, ಹೊಸ ದಿಂಬು ಕೊಂಡರೆ ಪರೀಕ್ಷೆ ಕೆಟ್ಟಿತು ಅಂತಲೇ ಲೆಕ್ಕ. ಮೊದಲ ರಾತ್ರಿಗಳಲ್ಲಿ ಮಂಪರು ಹೇಗಿದೆ ಅಂತ ತಿಳಿಯುವವರೆಗೆ ಬೆಳಿಗ್ಗೆ ಗಾಡಿ ಓಡಿಸುವಾಗ ಹುಷಾರು. ಸೇಂಟ್ ಜಾನ್ಸ್ ವರ್ಟ್ ಆದರೆ ಬಿಸಿಲಿಗೆ ಚರ್ಮ ಬೇಗ ಕೆಂಪಾಗಬಹುದು.

ಎಷ್ಟು ದಿನ ನೋಡಬೇಕು? ಮೆಲಟೋನಿನ್‌ಗೆ ಎರಡು ವಾರ ಸಾಕು. ಮೆಗ್ನೀಸಿಯಂಗೆ ನಾಲ್ಕು. ಸೇಂಟ್ ಜಾನ್ಸ್ ವರ್ಟ್‌ಗೆ ನಾಲ್ಕರಿಂದ ಆರು. ಒಮೇಗಾ-3ಗೆ ಎಂಟರಿಂದ ಹನ್ನೆರಡು. ಈ ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಮೊದಲೇ ಬರೆದು ಗೆರೆ ಎಳೆಯಿರಿ. ಇಲ್ಲದಿದ್ದರೆ ‘ಇನ್ನೊಂದು ಡಬ್ಬಿ ನೋಡೋಣ’ ಅನ್ನುವುದು ಮುಗಿಯುವುದೇ ಇಲ್ಲ. ಮಧ್ಯದಲ್ಲಿ ಮೂಡ್ ಇನ್ನೂ ಕೆಳಗಿಳಿದರೆ ಆ ಗೆರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.

7. ಬಿಟ್ಟು ನೋಡಿ

ಗೆರೆ ಬಂದಾಗ ಮೊದಲಿನ ಎರಡು ವಾರದ ಸಾಲುಗಳನ್ನೂ ಈಗಿನ ಎರಡು ವಾರದ ಸಾಲುಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಬಿಡಿ, ಡೋಸ್ ಏರಿಸುತ್ತಾ ಹೋಗಬೇಡಿ. ವ್ಯತ್ಯಾಸ ಇದ್ದರೂ ಒಮ್ಮೆ ನಿಲ್ಲಿಸಿ ಎರಡು ವಾರ ಬರೆಯಿರಿ. ನಿದ್ದೆ ಕೆಟ್ಟ ಕಾಲ ತಾನಾಗಿಯೇ ಕಳೆದುಹೋಗುವುದೂ ಉಂಟು, ಡಬ್ಬಿಗೆ ಸುಮ್ನೆ ಹೆಸರು ಬರುತ್ತದೆ. ನಿಲ್ಲಿಸಿದಾಗ ಮತ್ತೆ ಕೆಟ್ಟು, ಶುರು ಮಾಡಿದಾಗ ಮತ್ತೆ ಸರಿಹೋದರೆ ಆಗ ನಂಬಬಹುದು.

ಸೇಂಟ್ ಜಾನ್ಸ್ ವರ್ಟ್ ಒಂದನ್ನು ಮಾತ್ರ ಹೀಗೆ ದಿಢೀರ್ ಬಿಡಬೇಡಿ, ನಿಧಾನ ಇಳಿಸಿ. ಜೊತೆಗೆ ಬೇರೆ ಔಷಧಿ ಇದ್ದರೆ ಇದನ್ನು ಬಿಟ್ಟಾಗ ಆ ಔಷಧಿಯ ಮಟ್ಟ ರಕ್ತದಲ್ಲಿ ಏರುತ್ತದೆ, ಡಾಕ್ಟರಿಗೆ ತಿಳಿಸಿಯೇ ನಿಲ್ಲಿಸಬೇಕು.

ಬಿಟ್ಟ ಡಬ್ಬಿಯನ್ನು ತಲೆದಿಂಬಿನ ಪಕ್ಕ, ಮೇಜಿನ ಮೇಲೆ ಬಿಟ್ಟಿರಬೇಡಿ. ಮೆಲಟೋನಿನ್ ಈಗ ಬಣ್ಣ ಬಣ್ಣದ ಗಮ್ಮಿ ರೂಪದಲ್ಲೂ ಬರುತ್ತದೆ, ಮಕ್ಕಳಿಗೆ ಅದು ಮಿಠಾಯಿಯೇ. ಮಕ್ಕಳು ಮೆಲಟೋನಿನ್ ನುಂಗಿದ್ದಾರೆ ಅಂತ ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2012ರಲ್ಲಿ ಬಂದ ವರದಿಗಳು 8,337. 2021ರಲ್ಲಿ 52,563. ಮುಚ್ಚಳ ಬಿಗಿ ಮಾಡಿ, ಕೈಗೆ ಎಟುಕದ ಕಡೆ ಬೀಗ ಹಾಕಿ ಇಡಿ.